ಯಾರ ಕೈಯಿಂದ ಬಿತ್ತು

ಜೂನ್ 3, ಸಂಜೆ 6.40

ಇವತ್ತು ಮೂರು ಮಣಿಕಟ್ಟು. ಮೂರಕ್ಕೂ ಒಂದೇ ಕಥೆ — ಮಣಿಕಟ್ಟಿನ ಸುರಂಗದಲ್ಲಿ ನರ ಸಿಕ್ಕಿಕೊಂಡು ಬೆರಳಿಗೆ ಜೋಮು. ಮೇಲಿನ ಅಡ್ಡಪಟ್ಟಿ ಕತ್ತರಿಸಿಬಿಟ್ಟರೆ ನರಕ್ಕೆ ಉಸಿರು. ಹದಿನೈದು ನಿಮಿಷದ ಕೆಲಸ. ಇಪ್ಪತ್ತೆರಡು ವರ್ಷದಿಂದ ಉಪಕರಣ ಎತ್ತಿಕೊಡುತ್ತಿದ್ದೇನೆ. ಡಾಕ್ಟರ್ ಕಣ್ಣೆತ್ತುವುದಿಲ್ಲ, ಅಂಗೈ ಚಾಚುತ್ತಾರೆ. ನಾನು ಹಿಡಿಕೆಯನ್ನು ಅದರೊಳಗೆ ಪಟ್ಟನೆ ಇಡುತ್ತೇನೆ. ಗಂಡ ಹೆಂಡಿರಲ್ಲೂ ಇಷ್ಟು ಹೊಂದಾಣಿಕೆ ಕಾಣೆ.

ಎರಡನೆಯ ಕೇಸಿನಲ್ಲಿ ಡಿಸೆಕ್ಟರ್ ಬಿತ್ತು. ಠಣ್! ಬ್ಲೇಡು ನರಕ್ಕೆ ತಾಗದ ಹಾಗೆ ಪಟ್ಟಿಯ ಅಡಿಗೆ ತೂರಿಸುವ ಚಪ್ಪಟೆ ಸಲಾಕೆ ಅದು, ಬೀಳುವಂಥ ವಸ್ತುವಲ್ಲ. ಪೇಷಂಟಿಗೆ ಮರಗಟ್ಟಿಸಿದ್ದು ಕೈ ಮಾತ್ರ, ಕಿವಿಯನ್ನಲ್ಲ. “ಏನದು ಬಿದ್ದಿದ್ದು?” ಅಂದರು. “ಏನಿಲ್ಲ, ಪಕ್ಕದ ರೂಮು” ಅಂದೆ.

ನಮ್ಮ ಥಿಯೇಟರಿನಲ್ಲಿ ಬಿದ್ದದ್ದಕ್ಕೆಲ್ಲ ಒಂದು ಪುಸ್ತಕವಿದೆ. ದಿನಾಂಕ, ವೇಳೆ, ಏನು ಬಿತ್ತು, ಯಾರ ಕೈಯಿಂದ. ಬರೆಯುವವಳು ನಾನು, ಸಹಿ ಡಾಕ್ಟರದು. ‘ಡಾಕ್ಟರ್ ಕೈಯಿಂದ’ ಎಂದು ಬರೆದೆ. ಓದಿದರು. ನನ್ನ ಮುಖ ನೋಡಿದರು. ಸಹಿ ಹಾಕಿದರು.

ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಳ್ಳುವ ಸರ್ಜನ್‌ರನ್ನು ಹುಟ್ಟಿದಾರಭ್ಯ ಕಂಡಿಲ್ಲ. ಏನೋ ಇದೆ.

ಜೂನ್ 5

ಬೆಳಗ್ಗೆ ಕೈ ಜೋಮು. ಮೈಯಡಿ ಹಾಕಿಕೊಂಡು ಮಲಗಿರಬೇಕು. ಸಕ್ಕರೆ ಡಬ್ಬಿಯ ಮುಚ್ಚಳ ಬಿಚ್ಚಲಾಗಲಿಲ್ಲ. ನಮ್ಮನೆಯವರು ಬೇಕೆಂದೇ ಬಿಗಿ ಮಾಡುತ್ತಿದ್ದಾರೆ — ನಾನು ಸಕ್ಕರೆ ಕಡಿಮೆ ಮಾಡಲಿ ಎಂದು. ಕೇಳಿದೆ.

“ನಾನು ಆ ಡಬ್ಬೀನ ಮುಟ್ಟೇ ಇಲ್ಲ ಕಣೇ!”

ಮುಟ್ಟದವರಿಗೆ ಯಾವ ಡಬ್ಬಿ ಎಂದು ಹೇಗೆ ಗೊತ್ತಾಯಿತು?

ಥಿಯೇಟರಿನಲ್ಲಿ ಫೋರ್ಸೆಪ್ಸ್ ಚಿಮುಟ ಬಿತ್ತು. ‘ಡಾಕ್ಟರ್ ಕೈಯಿಂದ.’ ಸಹಿ. ಕೆಲಸ ಮುಗಿದ ಮೇಲೆ ಸಿಂಕಿನ ಹತ್ತಿರ ಡಾಕ್ಟರ್ ಮೂರು ಸಲ ಕೈ ಕೊಡವಿದರು. ನೀರು ಕೊಡವುವುದಕ್ಕೆ ಎರಡು ಸಲ ಸಾಕು. ಮೂರನೆಯದು ಯಾಕೆ? ಜೋಮು ಹಿಡಿದವರು ಕೈ ಕೊಡವುವುದನ್ನು ಸಾವಿರ ಸಲ ನೋಡಿದವಳು ನಾನು.

ಜೂನ್ 9

ಅಕ್ಕನ ಫೋನ್. ಹೊಲಿಗೆ ಮಾಡಿ ಬದುಕುವವಳು, ಆರು ತಿಂಗಳಿಂದ ಅವಳ ಬಲಗೈಗೂ ಇದೇ ರೋಗ. ನಮ್ಮ ಡಾಕ್ಟರಿಗೇ ತೋರಿಸಿದ್ದಾಳೆ. ಇಪ್ಪತ್ನಾಲ್ಕಕ್ಕೆ ಆಪರೇಷನ್.

“ನೀನು ಒಳಗಿರ್ತೀಯ ಅಂತಲೇ ಒಪ್ಕೊಂಡೆ ನೋಡು. ಬಲಗೈ ಕಣೇ. ಇದಕ್ಕೇನಾದ್ರೂ ಆದ್ರೆ ಮೆಷಿನ್ ಮಾರಿ ನಿನ್ನ ಮನೇಲೇ ಬಂದು ಕೂರ್ತೀನಿ, ಸಾಯೋವರೆಗೂ.”

ಅಕ್ಕನ ಕೈ, ನನ್ನ ಮನೆ — ಎರಡೂ ಅಪಾಯದಲ್ಲಿವೆ. ಸ್ಪರ್ಶ ಹೋದ ಬೆರಳಿನಲ್ಲಿ ಬ್ಲೇಡು ಹಿಡಿದವರ ಮುಂದೆ ಅವಳನ್ನು ಹೇಗೆ ಮಲಗಿಸಲಿ? ಬೇಡ ಎಂದರೆ ಕಾರಣ ಕೇಳುತ್ತಾಳೆ. ಸಾಕ್ಷಿ ಬೇಕು.

ಜೂನ್ 11

ಸಾಕ್ಷಿಯ ಮೇಲೆ ಸಾಕ್ಷಿ.

ಇವತ್ತು ಕ್ಯಾಮೆರಾ ವಿಧಾನ. ಎರಡು ಸಣ್ಣ ತೂತು, ಒಂದರಿಂದ ಕ್ಯಾಮೆರಾ, ಇನ್ನೊಂದರಿಂದ ಕೊಕ್ಕೆ ಬ್ಲೇಡು. ಕ್ಯಾಮೆರಾ ನಾನು ಹಿಡಿಯುತ್ತೇನೆ. ಪರದೆಯ ಮೇಲೆ ಚಿತ್ರ ನಡುಗತೊಡಗಿತು. ಡಾಕ್ಟರ್ ನಿಲ್ಲಿಸಿದರು.

“ಸಿಸ್ಟರ್, ಕೈ ನೋಯ್ತಿದ್ಯಾ?”

“ಕೇಬಲ್ ಸಡಿಲ, ಡಾಕ್ಟರೇ.”

ಎಲ್ಲ ಹೊರತೆಗೆದರು. ಅಂಗೈ ಸೀಳಿ, ಪಟ್ಟಿಯನ್ನು ಕಣ್ಣಾರೆ ನೋಡಿಯೇ ಕತ್ತರಿಸಿದರು. ಅಷ್ಟರಲ್ಲಿ ಇನ್ನೊಂದು ಡಿಸೆಕ್ಟರ್ ಠಣ್. ಸಹಿ ಹಾಕುತ್ತಾ, “ಇನ್ನು ಸ್ವಲ್ಪ ದಿನ ಕ್ಯಾಮೆರಾ ಬೇಡ, ಎಲ್ಲಾ ತೆರೆದೇ ಮಾಡೋಣ” ಅಂದರು.

ಎರಡು ವರ್ಷದಿಂದ ಆ ಕ್ಯಾಮೆರಾವನ್ನು ಮಗಳ ಮದುವೆಯ ಫೋಟೋ ಹಾಗೆ ಎಲ್ಲರಿಗೂ ತೋರಿಸಿಕೊಂಡು ಬಂದ ಮನುಷ್ಯ! ಬೆರಳಿಗೆ ನಂಬಿಕೆ ಇಲ್ಲದವರು ಕಣ್ಣನ್ನು ಆಶ್ರಯಿಸುತ್ತಾರೆ.

ಹೊಸ ಗ್ಲೌಸ್ ತೀರಾ ಬಿಗಿ. ಹೆಬ್ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ಕಂಪನಿಯವರು ಅಳತೆಯಲ್ಲಿ ಮೋಸ ಮಾಡುತ್ತಿದ್ದಾರೆ.

ಜೂನ್ 16

ಹೊಸ ಡಿಸೆಕ್ಟರ್ ಬಂದಿದೆ. ಹಿಡಿಕೆ ಕಡಗೋಲಿನಷ್ಟು ದಪ್ಪ. ನನ್ನನ್ನು ಒಂದು ಮಾತು ಕೇಳದೆ ತರಿಸಿದ್ದಾರೆ. “ಹಿಡ್ಕೊಳ್ಳೋಕೆ ಸುಲಭ ಆಗುತ್ತೆ, ಸಿಸ್ಟರ್.” ಯಾರಿಗೆ? ಬೆರಳಲ್ಲಿ ಕಸುವಿಲ್ಲದವರಿಗೆ! ಮನಸ್ಸಿನಲ್ಲೇ ಉತ್ತರ ಕೊಟ್ಟೆ.

ಇನ್ನೊಂದು ಹೊಸ ಚಾಳಿ. ಬ್ಲೇಡನ್ನು ಟ್ರೇಯಿಂದ ತಾವೇ ಎತ್ತಿಕೊಳ್ಳುತ್ತಾರೆ. ಕೊಡುವ ತೆಗೆದುಕೊಳ್ಳುವ ಗಳಿಗೆಯಲ್ಲಿ ಸಿಕ್ಕಿಬೀಳುವ ಭಯ. ಆದರೂ ಕತ್ತರಿ ಬಿತ್ತು. ನಾಲ್ಕನೆಯದು. ‘ಡಾಕ್ಟರ್ ಕೈಯಿಂದ.’ ಸಹಿ.

ರಾತ್ರಿಯೂಟಕ್ಕೆ ಮುಂಚೆ ಮೇಲಿನವರಿಗೆ ದೂರು ಬರೆಯಲು ಕೂತೆ. ‘ಮಾನ್ಯರೇ, ಭಾರವಾದ ಹೃದಯದಿಂದ...’ ಅಲ್ಲಿಗೆ ಪೆನ್ನು ಜಾರಿತು. ಈಗಿನ ಪೆನ್ನುಗಳಿಗೆ ಹಿಡಿತವೇ ಇಲ್ಲ.

ನಮ್ಮನೆಯವರು ಪತ್ರ ಓದಿದರು. “ಬರವಣಿಗೆ ಯಾಕೆ ಹೀಗಾಗಿದೆ?”

“ಕೋಪ ಬಂದಾಗ ಹೀಗೇ.”

ಜೂನ್ 19, ಮಧ್ಯಾಹ್ನ 2

ಜೇಬಿನಲ್ಲಿ ದೂರು. ಕೊಡುವ ಮುಂಚೆ ಕೊನೆಯ ಪರೀಕ್ಷೆ. ಟೀ ರೂಮಿನಲ್ಲಿ ಬಲೆ ಬೀಸಿದೆ.

“ಡಾಕ್ಟರೇ, ಅಕ್ಕನಿಗೆ ಆ ಒಂದು ನಿಮಿಷದ ಪರೀಕ್ಷೆ ಮಾಡಿದ್ರಂತಲ್ಲ. ಹೇಗದು, ಸ್ವಲ್ಪ ಮಾಡಿ ತೋರಿಸಿ.”

“ಇಪ್ಪತ್ತೆರಡು ವರ್ಷ ಆಯ್ತು, ನಿಮಗೆ ಗೊತ್ತಿಲ್ವಾ?”

“ಮರೆತೋಯ್ತು.”

ನಕ್ಕರು. “ಸರಿ. ಹಾಗಾದ್ರೆ ಇಬ್ಬರೂ ಮಾಡೋಣ.”

ಎರಡೂ ಮಣಿಕಟ್ಟು ಬಗ್ಗಿಸಿ, ಕೈಗಳ ಹಿಂಭಾಗ ಒಂದಕ್ಕೊಂದು ಒತ್ತಿ, ಎದುರುಬದುರು ಕೂತೆವು. ಗೋಡೆ ಗಡಿಯಾರ ಟಿಕ್ ಟಿಕ್. ನರ ಸಿಕ್ಕಿಕೊಂಡಿದ್ದರೆ ನಿಮಿಷದೊಳಗೆ ಜೋಮು ಹಿಡಿಯಬೇಕು. ಅವರು ಯಾವಾಗ ಮುಖ ಕಿವುಚುತ್ತಾರೆಂದು ಕಾದೆ. ಹತ್ತು ಸೆಕೆಂಡು. ಇಪ್ಪತ್ತು — ನನ್ನ ಹೆಬ್ಬೆರಳಲ್ಲಿ ಇರುವೆ ಹರಿದ ಹಾಗೆ. ಮೂವತ್ತು — ಮೂರು ಬೆರಳಿಗೂ ಬೆಂಕಿ. ಅವರು ಗಡಿಯಾರ ನೋಡುತ್ತಿರಲಿಲ್ಲ. ನನ್ನ ಬೆರಳು ನೋಡುತ್ತಿದ್ದರು.

“ಸಾಕು ಸಿಸ್ಟರ್, ಬಿಡಿ. ಎಷ್ಟು ದಿನದಿಂದ ಹೀಗಿದೆ?”

ನಾನು ಕೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಬಂದಿದ್ದ ಪ್ರಶ್ನೆ ಅದು.

“ನಿಮಗೆ... ಏನೂ ಆಗ್ತಿಲ್ವಾ?”

“ಇಲ್ಲ.”

“ಮತ್ತೆ ಪುಸ್ತಕಕ್ಕೆ ಸಹಿ ಯಾಕೆ ಹಾಕಿದ್ರಿ?”

“ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ. ಕಾಯಬಾರದಿತ್ತು, ತಪ್ಪು ನಂದೂ ಇದೆ. ಪೇಷಂಟಿಗೆ ಏನೂ ಆಗ್ಲಿಲ್ಲ, ನಮ್ಮ ಪುಣ್ಯ.” ಟೀ ಕಪ್ಪನ್ನು ನನ್ನ ಎಡಗೈ ಕಡೆಗೆ ಸರಿಸಿದರು. “ಇವತ್ತಿಂದ ಟ್ರೇ ಮುಟ್ಬೇಡಿ. ಇಪ್ಪತ್ನಾಲ್ಕರಂದು ಮೊದಲು ಅಕ್ಕನ ಆಪರೇಷನ್, ಆಮೇಲೆ ನಿಮ್ಮದು.”

ದಪ್ಪ ಹಿಡಿಕೆ ಯಾರಿಗೆ ಎಂದು ಈಗ ಕೇಳಬೇಕಿಲ್ಲ.

ಜೂನ್ 23, ಸಂಜೆ 5

ಮೂರು ದಿನ ಡೈರಿ ಮುಟ್ಟಲಿಲ್ಲ. ಡೈರಿಯ ಮೇಲೆ ಅನುಮಾನವಿಲ್ಲ. ಬರೆದವಳ ಮೇಲೆ.

ದೂರು ಹರಿದು ಹಾಕಿದೆ. ಹರಿಯಲೂ ಎರಡು ಸಲ ಪ್ರಯತ್ನ ಬೇಕಾಯಿತು. ಅಕ್ಕನಿಗೆ ಫೋನ್ ಮಾಡಿ, ನಾಳೆ ಒಳಗೆ ನಾನಿರುವುದಿಲ್ಲ, ಹೊರಗಿನ ಬೆಂಚಿನಲ್ಲಿ ಸರದಿ ಕಾಯುತ್ತಿರುತ್ತೇನೆ ಎಂದೆ.

“ಊರಿನವರ ಕೈಯೆಲ್ಲ ನೋಡ್ದೆ, ನಿನ್ನ ಕೈ ಒಂದು ಬಿಟ್ಟು.” ಆಮೇಲೆ ಮೆತ್ತಗೆ, “ಡಾಕ್ಟರ್ ಕೈ ಗಟ್ಟಿ ಇದೆ ತಾನೆ?”

“ಬಂಡೆ.”

“ಹಾಗಾದ್ರೆ ಬರ್ತೀನಿ.”

ಈಗ ಥಿಯೇಟರಿನಲ್ಲಿ ಒಬ್ಬಳೇ. ಮುಂದೆ ಆ ಪುಸ್ತಕ, ಪಕ್ಕದಲ್ಲಿ ಈ ಡೈರಿ. ‘ಡಾಕ್ಟರ್’ ಹೊಡೆದು ‘ಸಿಸ್ಟರ್’ ಎಂದು ತಿದ್ದುತ್ತಿದ್ದೇನೆ. ಮೂರನೆಯ ತಾರೀಕು, ಆಯಿತು. ಐದು, ಆಯಿತು. ಹನ್ನೊಂದು, ಅಕ್ಷರ ಕೋಳಿ ಕೆದರಿದ ಹಾಗೆ, ಆದರೂ ಆಯಿತು. ಹದಿನಾರು, ಕತ್ತರಿ. ‘ಡಾಕ್ಟರ್’ ಹೊಡೆದೆ. ‘ಸಿ’ ಬರೆಯುವಷ್ಟರಲ್ಲಿ ಪೆನ್ನು ಬಿತ್ತು. ಎತ್ತಿಕೊಂಡೆ. ಆ ಪುಸ್ತಕದಲ್ಲಿ ಪೆನ್ನಿಗೆ ಜಾಗವಿಲ್ಲ, ಇಲ್ಲೇ ಬರೆದಿಡುತ್ತೇನೆ.

ಜೂನ್ 23. ಸಂಜೆ 5.20. ಪೆನ್ನು. ನನ್ನ ಕೈಯಿ—