ನಮ್ಮ ಪಾಲಿನ ಪುದೀನ ನೀರು ಕುಡಿದ ಗಿಡ

ಬೇಸಿಗೆ ಆರೋಗ್ಯ ಸಹಾಯವಾಣಿಯ ಮಾನ್ಯ ಮೇಲಧಿಕಾರಿಗಳೇ,

ಇವತ್ತು ಬೆಳಿಗ್ಗೆ ಕೆಲಸಕ್ಕೆ ಬಂದಾಗ ನಮ್ಮ ಕೋಣೆಯ ಕಿಟಕಿಯಲ್ಲಿರುವ ಕುಂಡದ ಗಿಡ ಮತ್ತೆರಡು ಹೊಸ ಎಲೆ ಬಿಟ್ಟಿರುವುದನ್ನು ಕಂಡೆ. ಹೊರಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲು. ಒಳಗೆ ಈ ಗಿಡ ಮಾತ್ರ ರಜೆಗೆ ಅಜ್ಜಿ ಮನೆಗೆ ಹೋಗಿ ಬಂದ ಮಗುವಿನ ಹಾಗೆ ಮೈಕೈ ತುಂಬಿಕೊಂಡು ನಿಂತಿದೆ. ಕಾರಣ ತಮಗೆ ತಿಳಿದಿರಲಿಕ್ಕಿಲ್ಲ. ತಾವು ದಿನವೂ ನಮ್ಮ ಮೇಜುಗಳ ಮೇಲೆ ಇಡಿಸುವ ಸೌತೆಕಾಯಿ, ಪುದೀನ ನೆನೆಸಿದ ನೀರನ್ನು ಕುಡಿಯುತ್ತಿರುವುದು ಅದು. ನಾವಲ್ಲ. ನಾವು ಕುಡಿಯುವುದಿಲ್ಲ, ಏಕೆಂದರೆ ಕುಡಿದರೆ ಹೋಗಬೇಕಾಗುತ್ತದೆ. ಹೋಗಬೇಕಾದ ಕೋಣೆಗೆ ತಾವು ಬೀಗ ಹಾಕಿಸಿದ್ದೀರಿ.

ಇಷ್ಟು ಬರೆಯುವಷ್ಟರಲ್ಲೇ ನನ್ನ ಕಿವಿ ಬಿಸಿಯಾಗಿದೆ. ಬಸ್ಸಿನಲ್ಲಿ ‘ಇಳಿಯೋರಿದ್ದಾರೆ’ ಎಂದು ಕೂಗಲಾರದೆ ಮುಂದಿನ ನಿಲ್ದಾಣದಲ್ಲಿಳಿದು ಹಿಂದಕ್ಕೆ ನಡೆದು ಬರುವವರ ಪೈಕಿ ನಾನು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಬಾಯಿಲ್ಲದವಳ ಗತಿ ಏನೆಂದು ಗಾದೆ ಕಟ್ಟಿದವರು ಯೋಚಿಸಿದಂತಿಲ್ಲ. ಅಂಥವಳನ್ನು ಶೌಚಾಲಯದ ವಿಷಯ ಊರಿಗೆಲ್ಲ ಕೇಳುವಂತೆ ಬರೆಯುವ ಮಟ್ಟಕ್ಕೆ ತಂದಿದ್ದೀರಿ. ತಮ್ಮ ಆಡಳಿತದ ಸಾಧನೆಗಳ ಸಾಲಿಗೆ ಇದನ್ನೂ ಸೇರಿಸಿಕೊಳ್ಳಿ.

ಪತ್ರ ಬಹಿರಂಗವಾದ್ದರಿಂದ ನಮ್ಮ ಕೆಲಸವೇನೆಂದು ಉಳಿದವರಿಗೂ ಹೇಳಬೇಕು. ಬಿಸಿಲಿಗೆ ಬಳಲಿದವರು ನಮಗೆ ಫೋನ್ ಮಾಡುತ್ತಾರೆ. ಸಪ್ಪೆ ನೀರು ಸೇರದಿದ್ದರೆ ಬೇರೇನು ಕುಡಿಯಬಹುದೆಂದು ನಾವು ಒಂದು ಕೋಣೆ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಹೇಳುತ್ತೇವೆ. ಶುಂಠಿ ಜಜ್ಜಿ ಹಾಕಿದ ನೀರುಮಜ್ಜಿಗೆ, ಬೇಯಿಸಿ ಸೋಸಿ ಆರಿಸಿದ ಬಾರ್ಲಿ ನೀರು, ಚಿಟಿಕೆ ಉಪ್ಪು ಬಿದ್ದ ನಿಂಬೆ ಶರಬತ್ತು, ಬೀಜ ತೆಗೆದು ಹಿಂಡಿದ ಕಲ್ಲಂಗಡಿ ರಸ. ಸಾಹಿತ್ಯ ಓದುವಾಗ ಪದ್ಯಗಳಿಗೆ ಗಣ ವಿಂಗಡಿಸುತ್ತಿದ್ದವಳು ಈಗ ಲೋಟಕ್ಕೆಷ್ಟು ಸಕ್ಕರೆ ಎಂದು ವಿಂಗಡಿಸುತ್ತೇನೆ. ಇದರಲ್ಲಿ ನನಗೆ ಬೇಸರವಿಲ್ಲ. ಎದುರಿಗಿದ್ದವರ ಮುಖ ಕಾಣದಿದ್ದರೆ ನನಗೆ ಮಾತು ಬರುತ್ತದೆ, ಅದಕ್ಕೇ ಈ ಕೆಲಸ ಹಿಡಿದೆ.

“ಮೇಡಂ, ಬಣ್ಣದ ಸೋಡಾ ಕುಡಿದ್ರೆ ಆಗಲ್ವಾ? ಅದೂ ತಣ್ಣಗೇ ಇರುತ್ತಲ್ಲ?” ಎಂದು ಲಾರಿ ಓಡಿಸುವವರು ಕೇಳುತ್ತಾರೆ.

“ಬರೀ ಸಕ್ಕರೆ ಅಣ್ಣಾ ಅದು. ಮಜ್ಜಿಗೆ ಕುಡೀರಿ.”

“ಮಜ್ಜಿಗೆ ಕುಡಿದ್ರೆ ನಿದ್ದೆ ಬರುತ್ತೆ. ನಾನು ನಿದ್ದೆ ಮಾಡಿದ್ರೆ ನಿಮ್ಮ ಸಹಾಯವಾಣಿಗೆ ಬೇರೆ ಥರ ಫೋನ್ ಬರುತ್ತೆ.”

“ಹಾಗಾದ್ರೆ ನಿಂಬೆಹಣ್ಣು ಹಿಂಡಿಕೊಳ್ಳಿ.”

ಇಂಥವರನ್ನು ನಿಭಾಯಿಸಬಹುದು. ನಿಭಾಯಿಸಲಾಗದವರು ಒಬ್ಬ ಅಜ್ಜಿ. ಸಪ್ಪೆ ನೀರು ಕಂಡರೆ ಅವರಿಗೆ ವಾಕರಿಕೆ. ಹೊಸದೇನಾದರೂ ಹೇಳು ಎಂದು ಆಗಾಗ ಫೋನ್ ಮಾಡುತ್ತಾರೆ. ಹೋದ ತಿಂಗಳು ನಡುವೆ ಮಾತು ನಿಲ್ಲಿಸಿ ಕೇಳಿದರು: “ಏನೇ ಮಗಳೇ, ನಿನ್ನ ದನಿ ತಗಡು ಕೆರೆದ ಹಾಗೆ ಕೇಳುತ್ತಲ್ಲ. ನೀನೇನು ಕುಡಿದೆ ಇವತ್ತು?”

“ಕುಡಿದೆ ಅಜ್ಜಿ.”

“ಏನು ಕುಡಿದೆ ಅಂತ ಕೇಳಿದ್ದು.”

“ಅದೇ... ಪುದೀನ...”

“ಸುಳ್ಳಿ,” ಎಂದು ಫೋನಿಟ್ಟರು.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬ ಗಾದೆ ತಮಗೆ ಗೊತ್ತಿರಬಹುದು. ನಮ್ಮ ಕೋಣೆಯಲ್ಲಿ ಶಾಸ್ತ್ರ ಹೇಳುವವರಿಗೆ ಬದನೆಕಾಯಿಯೂ ಇಲ್ಲ. ಬಾಯಿ ಮುಕ್ಕಳಿಸಿ ಉಗುಳುತ್ತೇವೆ. ಒದ್ದೆ ಕರವಸ್ತ್ರದಿಂದ ತುಟಿ ಒತ್ತಿಕೊಳ್ಳುತ್ತೇವೆ. ಸಂಜೆ ಜಗ್ಗುಗಳನ್ನು ಗಿಡಕ್ಕೆ ಬರಿದು ಮಾಡಿ, ಮನೆ ಸೇರಿ, ಒಂಟೆಗಳ ಹಾಗೆ ಕುಡಿಯುತ್ತೇವೆ. “ನಿಮ್ಮ ಆಫೀಸಲ್ಲಿ ನೀರಿಗೂ ಬಡತನವಾ?” ಎಂದು ಅಮ್ಮ ಕೇಳುತ್ತಾಳೆ. ನೀರಿಗಲ್ಲಮ್ಮ ಎಂದು ನಾನು ಕೋಣೆಗೆ ಹೋಗುತ್ತೇನೆ.

ನಮ್ಮ ಮಹಡಿಯ ಹೆಂಗಸರ ಶೌಚಾಲಯದೊಳಗೆ ಏನಿದೆ ಎಂದು ತಾವು ಮರೆತಿದ್ದರೆ ನೆನಪಿಸುತ್ತೇನೆ. ‘ಹೆಚ್ಚು ಕುಡಿಯಿರಿ, ಹಾಯಾಗಿರಿ’ ಎಂಬ ಭಿತ್ತಿಪತ್ರಗಳ ಕಟ್ಟುಗಳಿವೆ, ನೆಲದಿಂದ ಸೂರಿನವರೆಗೆ. ಬೇಸಿಗೆ ಶುರುವಾದಾಗ ಅವನ್ನು ಒಳಗೆ ಪೇರಿಸುವುದನ್ನು ನಾನೇ ನೋಡಿದೆ. ಜಾಗ ಸಾಲದೆ ಕೊನೆಯ ಕಟ್ಟನ್ನು ಕಮೋಡಿನ ಮೇಲಿಟ್ಟರು. ಅದರ ಮೇಲೆ ತಾವು ನಿಂಬೆ ಶರಬತ್ತಿನ ಲೋಟ ಎತ್ತಿ ಹಿಡಿದು, ನಗುನಗುತ್ತ ಕುಳಿತಿದ್ದೀರಿ. ಕ್ಷಮಿಸಿ, ತಮ್ಮ ಚಿತ್ರ ಕುಳಿತಿದೆ. ಕೆಳಗಿನ ಮಹಡಿಯದು ಗಂಡಸರದು. ಮೇಲಿನ ಮಹಡಿಯದು ‘ಅಧಿಕಾರಿಗಳಿಗೆ ಮಾತ್ರ’. ರಸ್ತೆಯಾಚೆಯ ಅಂಗಡಿ ಮಳಿಗೆಯಲ್ಲಿ ಒಂದಿದೆ. ಊಟದ ಬಿಡುವಿನಲ್ಲಿ ಅಲ್ಲಿಗೆ ಹೋಗಿ ಸಾಲಿನಲ್ಲಿ ನಿಂತರೆ ಊಟವಿಲ್ಲ, ಊಟ ಮಾಡಿದರೆ ಅದಿಲ್ಲ. ಒಳಹರಿವು ಹೆಚ್ಚಿದಾಗ ಬಾಗಿಲು ತೆರೆಯಬೇಕೆಂಬುದು ಅಣೆಕಟ್ಟು ಕಾಯುವವರಿಗೂ ಗೊತ್ತು. ಕುಡಿದದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಪಾಠವಿದ್ದ ದಿನ ಆರೋಗ್ಯ ಇಲಾಖೆಯವರೆಲ್ಲ ಶಾಲೆಗೆ ರಜೆ ಹಾಕಿದ್ದರೇ?

ನಮ್ಮಲ್ಲಿ ಬಾಯಿದ್ದವರು ಒಬ್ಬರೇ, ಎಲ್ಲರಿಗಿಂತ ಹಿರಿಯರು, ಎಲ್ಲರೂ ದೊಡ್ಡಕ್ಕ ಎನ್ನುವವರು. ಅವರು ಒಮ್ಮೆ ಮೇಲ್ವಿಚಾರಕರನ್ನು ತಡೆದು ನಿಲ್ಲಿಸಿದರು. “ಸಾರ್, ಆ ಕಾಗದದ ಕಟ್ಟುಗಳನ್ನ ಬೇರೆ ಕಡೆ ಇಡಿಸೋಕಾಗಲ್ವಾ?”

“ಎಲ್ಲಿ ಇಡಿಸ್ಲಮ್ಮ, ನನ್ನ ತಲೆ ಮೇಲಾ? ಮೇಲಿನವರ ಅಪ್ಪಣೆ ಬೇಕು. ಅಲ್ಲೀವರೆಗೆ ಸ್ವಲ್ಪ ಕಮ್ಮಿ ಕುಡೀರಿ.”

“ಇದನ್ನೂ ಫೋನಲ್ಲಿ ಹೇಳ್ಬೇಕಾ ಸಾರ್, ಅಥವಾ ನಮಗೆ ಮಾತ್ರವಾ?”

ಅವರು ನಗಲಿಲ್ಲ. ನಾವು ನಕ್ಕೆವು, ಹೆಡ್‌ಫೋನ್ ಸರಿಪಡಿಸಿಕೊಳ್ಳುವ ನೆಪದಲ್ಲಿ ಬಗ್ಗಿ.

ಹೋದ ವಾರ ಮಧ್ಯಾಹ್ನ ದೊಡ್ಡಕ್ಕ ಯಾರಿಗೋ ಹೇಳುತ್ತಿದ್ದರು: “ಒಂದೇ ಸಲಕ್ಕೆ ಗಟಗಟ ಅಂತ ಬೇಡಪ್ಪ, ಗುಟುಕು ಗುಟುಕಾಗಿ...” ಅಷ್ಟಕ್ಕೆ ದನಿ ನಿಂತಿತು. ತಿರುಗಿ ನೋಡಿದರೆ ಕುರ್ಚಿಯಿಂದ ಪಕ್ಕಕ್ಕೆ ಜಾರಿ ಬಿದ್ದಿದ್ದರು. ಮೈ ಕೆಂಡ. ಜ್ವರವನ್ನು ಎಷ್ಟು ದಿನದಿಂದ ಮುಚ್ಚಿಟ್ಟಿದ್ದರೋ. ನೆಲದ ಮೇಲಿದ್ದ ಹೆಡ್‌ಫೋನಿನಿಂದ ಸಣ್ಣ ದನಿ ಕೇಳುತ್ತಲೇ ಇತ್ತು: “ಹಲೋ? ಗುಟುಕು ಗುಟುಕಾಗಿ, ಆಮೇಲೆ?” ಅವರ ಮೇಜಿನ ಮೇಲಿನ ಜಗ್ಗು ತುಂಬಿತ್ತು. ಸೌತೆಕಾಯಿ ಬಿಲ್ಲೆಗಳು ತೇಲುತ್ತಿದ್ದವು.

ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಎರಡು ದಿನ ಬಿಟ್ಟು ನಾನು ಮನೆಯಲ್ಲಿ ಬಾರ್ಲಿ ನೀರು ಕಾಯಿಸಿ, ಸೋಸಿ, ಫ್ಲಾಸ್ಕಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ದೊಡ್ಡಕ್ಕ ಒಂದು ಲೋಟ ಕುಡಿದು ಇನ್ನೊಂದು ಕೇಳಿದರು. “ಎಷ್ಟು ಬೇಕಾದ್ರೂ ಹಾಕೇ. ಇಲ್ಲಿ ಪಕ್ಕದಲ್ಲೇ ಇದೆ. ಬೀಗ ಇಲ್ಲ. ಯಾರನ್ನೂ ಕೇಳ್ಬೇಕಾಗಿಲ್ಲ,” ಎಂದರು, ಪ್ರವಾಸ ಹೋದವರು ತಂಗಿದ ಜಾಗದ ಅನುಕೂಲ ಹೇಳಿಕೊಳ್ಳುವ ಹಾಗೆ. ಆಮೇಲೆ ದನಿ ತಗ್ಗಿಸಿದರು. “ಡಾಕ್ಟ್ರು ಬೈದ್ರು ಕಣೆ. ಈ ಸೆಕೆಯಲ್ಲಿ ಏನೂ ಕುಡೀದೆ ಇರೋಕೆ ಯಾವ ಮಹಾ ಕೆಲಸ ನಿಮ್ದು ಅಂದ್ರು.”

“ನೀವೇನಂದ್ರಿ?”

“ಬಟ್ಟೆ ಅಂಗಡಿ ಅಂದೆ.” ನಕ್ಕರು. ನಗುವಾಗ ಸೊಂಟ ಹಿಡಿದುಕೊಂಡರು. “ಮತ್ತೇನು ಮಾಡ್ಲಿ? ಸಹಾಯವಾಣಿ ಮಾನ ಹೋಗಲ್ವಾ?”

ತಮ್ಮ ಮಾನ ಉಳಿಸಿದ ಆ ಹೆಂಗಸಿಗೆ ತಾವು ಕೊಟ್ಟದ್ದೇನು? ನಿನ್ನೆ ಗೋಡೆಗೆ ಅಂಟಿಸಿದ ಆದೇಶ. ‘ಸಹಾಯವಾಣಿಯ ಸಿಬ್ಬಂದಿ ಸ್ವತಃ ಉತ್ತಮ ಆರೋಗ್ಯಕ್ಕೆ ಮಾದರಿಯಾಗಿರತಕ್ಕದ್ದು. ತೆರವಾದ ಸ್ಥಾನಕ್ಕೆ ಸೋಮವಾರದಿಂದ ಬೇರೊಬ್ಬರನ್ನು ನೇಮಿಸಲಾಗುವುದು.’ ತೆರವಾದ ಸ್ಥಾನ! ದೊಡ್ಡಕ್ಕನ ಕುರ್ಚಿಯ ಬೆನ್ನಿಗೆ ಅವರ ಶಾಲು ಇನ್ನೂ ನೇತಾಡುತ್ತಿದೆ. ಡಾಕ್ಟರು ಹೇಳಿದ್ದು ಹತ್ತು ದಿನದ ವಿಶ್ರಾಂತಿ. ತೆರವು ಮಾಡಬೇಕಾದ ಸ್ಥಾನ ನಮ್ಮ ಮಹಡಿಯಲ್ಲಿ ಒಂದಿರುವುದು ನಿಜ. ಅಲ್ಲಿ ಕುಳಿತಿರುವುದು ದೊಡ್ಡಕ್ಕನಲ್ಲ, ತಮ್ಮ ಭಿತ್ತಿಪತ್ರ.

ತಾವು ಹೇಳಿಸುವ ಸಲಹೆಗಳಲ್ಲಿ ತಪ್ಪಿಲ್ಲ. ಬಾರ್ಲಿ ನೀರು ಒಳ್ಳೆಯದು, ಮಜ್ಜಿಗೆ ಒಳ್ಳೆಯದು. ಸೌತೆಕಾಯಿ, ಪುದೀನ ನೆನೆಸಿದ ನೀರಂತೂ ಎಷ್ಟು ಒಳ್ಳೆಯದೆಂದು ಗಿಡ ನೋಡಿದರೆ ತಿಳಿಯುತ್ತದೆ. ನಮಗೆ ಹೊಸ ಪಾನೀಯ ಬೇಡ, ಇನ್ನೊಂದು ಭಿತ್ತಿಪತ್ರ ಖಂಡಿತ ಬೇಡ. ಆ ಕೋಣೆ ಬರಿದು ಮಾಡಿಸಿ, ತೊಳೆಸಿ, ಬೀಗವನ್ನು ಬೇಕಾದರೆ ತಮ್ಮ ಬಳಿಯೇ ಇಟ್ಟುಕೊಳ್ಳಿ. ಗೋಡೆಯ ಆದೇಶ ಕಿತ್ತುಹಾಕಿಸಿ. ದೊಡ್ಡಕ್ಕ ಗುಣವಾಗಿ ಬರುವವರೆಗೆ ಅವರ ಕುರ್ಚಿ ಅವರದೇ ಆಗಿರಲಿ.

ಇದೆಲ್ಲ ಆಗುವವರೆಗೆ ನಾನೊಂದು ತೀರ್ಮಾನ ಮಾಡಿದ್ದೇನೆ, ಯಾರಿಗೂ ಹೇಳಿಲ್ಲ. ನಾಳೆಯಿಂದ ಗಿಡಕ್ಕೆ ಪುದೀನ ನೀರಿಲ್ಲ. ನನ್ನ ಮೇಜಿನ ಜಗ್ಗನ್ನು ನಾನೇ ಕುಡಿದು ಮುಗಿಸುತ್ತೇನೆ, ದೊಡ್ಡಕ್ಕ ಹೇಳಿದ ಹಾಗೆ ಗುಟುಕು ಗುಟುಕಾಗಿ. ಆಮೇಲೆ ಹೆಡ್‌ಫೋನ್ ತೆಗೆದಿಟ್ಟು, ಮೆಟ್ಟಿಲು ಹತ್ತಿ, ‘ಅಧಿಕಾರಿಗಳಿಗೆ ಮಾತ್ರ’ ಎಂದು ಬರೆದಿರುವಲ್ಲಿಗೆ ಬರುತ್ತೇನೆ. ಒಳಗೆ ಯಾರಾದರೂ ಇದ್ದರೆ ಬಾಗಿಲು ತಟ್ಟುವ ಧೈರ್ಯ ನನಗಿಲ್ಲ. ಹೊರಗೆ ನಿಂತು ಕಾಯುತ್ತೇನೆ. ಎಷ್ಟು ಹೊತ್ತು ಬೇಕಾದರೂ ಕಾಯಬಲ್ಲೆ. ಆ ತರಬೇತಿಯನ್ನು ತಾವೇ ಕೊಟ್ಟಿದ್ದೀರಿ.

ಇಂತಿ,
ತಮ್ಮ ಸಲಹೆಯನ್ನು ಕೊನೆಗೂ ಪಾಲಿಸಲು ಹೊರಟಿರುವ,
ಕಿಟಕಿ ಪಕ್ಕದ ಮೇಜಿನ ಸುಳ್ಳಿ