ಮೊಣಕಾಲಿನ ಮೇಲಿನ ಕೈ

ಬೆಳಕೆ
ಗುರುವಾರ ಮಧ್ಯಾಹ್ನ

ಪ್ರೀತಿಯ ಗಣಪಿ,

ಫೋನು ಮಾಡಿದರೆ "ಆತು, ಆತು" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ನಿನ್ನ ಅತ್ತಿಗೆ ಸುಷ್ಮಾಳ ಕೈಯಲ್ಲೇ ಕಳಿಸುತ್ತಿದ್ದೇನೆ, ಸಿಗಲಿಲ್ಲ ಎನ್ನುವ ಹಾಗಿಲ್ಲ.

ಇನ್ನು ಮೀನು ಮಾರುವುದಿಲ್ಲ ಎಂದೆಯಂತೆ. ಸುಷ್ಮಾ ಎಲ್ಲ ಹೇಳಿದಳು. ಹೊನ್ನಾವರದಲ್ಲಿ ಹೆದ್ದಾರಿ ದಾಟುವಾಗ ಬುಟ್ಟಿ ಸಮೇತ ಬಿದ್ದು, ತರಚಿದ ಮೊಣಕೈಯನ್ನು ಸೆರಗಲ್ಲಿ ಮುಚ್ಚಿಕೊಂಡು, ಬಂಗಡೆ ಆರಿಸಿಕೊಂಡು ಮನೆಗೆ ಹೋದೆಯಂತೆ. ಇಪ್ಪತ್ತು ವರ್ಷದಿಂದ ನಿನ್ನ ಮೀನಿಗೇ ಕಾಯುವ ಮನೆಗಳಿವೆ. ಅವನ್ನೆಲ್ಲ ಬಿಟ್ಟು ಕುಳಿತರೆ ಮೂರೇ ದಿನಕ್ಕೆ ನೀನು ಮನೆಯವರ ಮೇಲೆ ರೇಗಲು ಶುರುಮಾಡುತ್ತೀಯ.

ಅಂಗವಿಕಲರ ಬಸ್ಸಿನ ಪಾಸು ಇದೆಯಲ್ಲ ಎನ್ನುತ್ತಾರೆ ಜನ. ಪಾಸು ನಿನಗಿದೆ, ಬುಟ್ಟಿಗೆ ಎಲ್ಲಿದೆ? ವಾಸನೆ ಎಂದು ಕಂಡಕ್ಟರ್ ಹತ್ತಿಸುವುದೇ ಇಲ್ಲ. ಕಾಲು ಸರಿಯಿಲ್ಲದವಳ ತಲೆಯ ಮೇಲೆ ಮೀನಿನ ಬುಟ್ಟಿಯೂ ಇರಬಹುದೆಂದು ಪಾಸು ಮಾಡಿದವರಿಗೆ ಹೊಳೆಯಲಿಲ್ಲ. ನಿನಗೆ ಬೇಕಿದ್ದದ್ದು ಆ ಮೂರು ಚಕ್ರದ ಸರ್ಕಾರಿ ಸ್ಕೂಟರು. ಬಂದದ್ದು ನನಗೆ. ಬಟ್ಟೆ ತರಲು ವಾರಕ್ಕೊಮ್ಮೆ ಭಟ್ಕಳಕ್ಕೆ ಹೋಗುವುದು ಬಿಟ್ಟರೆ, ಹೊಲಿಗೆ ಮಷಿನ್ನಿನ ಮುಂದೆಯೇ ಕೂತಿರುವವಳಿಗೆ.

ಅದು ಹೇಗೆ ಬಂತೆಂದು ಇವತ್ತು ಹೇಳುತ್ತೇನೆ. ಕುಮಟಾದ ತಪಾಸಣಾ ಶಿಬಿರದಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿದ್ದೆವಲ್ಲ. ಮೊದಲು ನಿನ್ನನ್ನು ಕರೆದರು. ಹೆಜ್ಜೆ ಹೆಜ್ಜೆಗೂ ಮೊಣಕಾಲನ್ನು ಒತ್ತಿ ಹಿಡಿಯುವ ಕೈಯನ್ನು ನೀನು ಬಾಗಿಲಲ್ಲೇ ತೆಗೆದೆ. ಹಲ್ಲು ಕಚ್ಚಿ ಆರು ಹೆಜ್ಜೆ ನಡೆದೆ. ಆಸರೆಗೆ ಬಂದ ನರ್ಸಿಗೆ, "ಕೈ ಎಂತಕ್ಕೆ? ದೋಣಿಲೂ ನಿಂತ್ಕಂಡೇ ಬತ್ತೆ ನಾನು" ಎಂದೆ. ದೋಣಿಯಿಂದ ಇಳಿಯುವವರಿಗೆ ಕೈ ಕೊಟ್ಟರೆ ಹೊಳೆ ನಡುವಿನ ನಿಮ್ಮ ಕುರ್ವೆಯಲ್ಲಿ ಅದು ಬೈದ ಹಾಗೆ. ನನಗೆ ಗೊತ್ತು, ಡಾಕ್ಟರರಿಗೆ ಹೇಗೆ ಗೊತ್ತಾಗಬೇಕು? ಅಂಗವೈಕಲ್ಯ ಶೇಕಡಾ ಐವತ್ತು ಎಂದು ಬರೆದರು. ಸ್ಕೂಟರಿಗೆ ಅದು ಸಾಲಲಿಲ್ಲ.

ನಿನ್ನ ಹಿಂದೆ ನಾನು. ಸಾಲಿನಲ್ಲಿ ಯಾರೋ ಉಪಾಯ ಹೇಳಿಕೊಟ್ಟಿದ್ದರು. ಊರಿ ನಡೆಯುವ ಕೋಲನ್ನು ಹೊರಗೇ ಬಿಟ್ಟು, ಅಣ್ಣ ನಾಗಪತಿಯಿಂದ ಎತ್ತಿಸಿಕೊಂಡು ಒಳಗೆ ಹೋದೆ. ನಮ್ಮ ಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತುವವಳು, "ನಿಲ್ಲೂಕೇ ಆಗೂದಿಲ್ಲ" ಎಂದೆ. ಎಂಬತ್ತು ಸಿಕ್ಕಿತು. ನಾಟಕ ಆಡಿದವಳಿಗೆ ಗಾಡಿ, ನಿನಗೆ ಮತ್ತದೇ ಬುಟ್ಟಿ.

ಸ್ಕೂಟರು ಬಂದ ದಿನ ನೀನು ಖುಷಿಯಿಂದ ದೊಡ್ಡದೊಂದು ಇಸ್ವಾಣ ಮೀನು ಕಳಿಸಿದೆ. ಅದನ್ನೂ ತಿಂದೆ. ಒಂದು ವರ್ಷವಾಯಿತು. ನಾಚಿಕೆಯಾಗುತ್ತದೆ, ಗಣಪಿ.

ಗಾಡಿಯನ್ನು ನಿನಗೇ ಕೊಡುತ್ತೇನೆಂದು ಮೊನ್ನೆ ಕಚೇರಿಗೆ ಹೋಗಿದ್ದೆ. ಹಾಗೆಲ್ಲ ಹೆಸರು ಬದಲಿಸಲು ಬರುವುದಿಲ್ಲ ಎಂದರು. ಬರುವ ಮಂಗಳವಾರ ಕುಮಟಾದಲ್ಲಿ ಮತ್ತೆ ಶಿಬಿರವಿದೆ. ನಿನ್ನನ್ನು ಇನ್ನೊಮ್ಮೆ ನೋಡಬೇಕೆಂದು ಅರ್ಜಿ ಬರೆದಿಟ್ಟಿದ್ದೇನೆ, ನಿನ್ನ ಸಹಿಯೊಂದು ಬಾಕಿ. ನನ್ನದೊಂದು ಅರ್ಜಿಯನ್ನು ಮೊನ್ನೆಯೇ ಕೊಟ್ಟು ಬಂದೆ: ನನ್ನನ್ನೂ ಇನ್ನೊಮ್ಮೆ ನೋಡಿ ಎಂದು. ಅಣ್ಣ ಎರಡು ದಿನದಿಂದ ಮಾತು ಬಿಟ್ಟಿದ್ದಾನೆ. ಸ್ಕೂಟರು ಹೋಗಬಹುದು, ಹೋಗಲಿ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ದೋಣಿ ನಿಲ್ಲುವಲ್ಲಿ ಗಾಡಿಯೊಂದಿಗೆ ಕಾಯುತ್ತೇನೆ. ಇಳಿಯುವಾಗ ಕೈ ಕೊಡುವುದಿಲ್ಲ, ಹೆದರಬೇಡ. ಇಬ್ಬರೂ ಅದರಲ್ಲೇ ಹೋಗೋಣ. ಈ ಸಲ ನಾನು ಕೋಲು ಹಿಡಿದು ನನ್ನ ಕಾಲಲ್ಲೇ ಒಳಗೆ ಹೋಗುತ್ತೇನೆ. ನೀನು ದಿನಾ ಹೇಗೆ ನಡೆಯುತ್ತೀಯೋ ಹಾಗೆಯೇ ನಡೆ. ಮೊಣಕಾಲಿನ ಮೇಲಿನ ಕೈಯನ್ನು ಮಾತ್ರ ತೆಗೆಯಬೇಡ.

ದಿನಾ ನಿನ್ನ ಬುಟ್ಟಿ ಖಾಲಿಯಾಗಿಯೇ ಮನೆಗೆ ಬರಲಿ.

ದಡದಲ್ಲಿ ಕಾಯುವ,
ಲಕ್ಕಿ