ನಿನ್ನ ಬರ್ಬರನ ಬಲಮೊಣಕಾಲು

ಬ್ರೂಕ್ಲಿನ್, ಅಕ್ಟೋಬರ್ 1998

ಹಟಮಾರಿ ಆರ್ನೆಗೆ,

ಮೂವತ್ತು ವರ್ಷದ ಮೇಲೆ ಥೆಕ್ಲಾಳ ಕಾಗದ ಬಂತೆಂದು ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ನನ್ನ ಗಂಡ ಲಾಸ್ಲೊ ಹೋಗಿಯೇ ಆರು ವರ್ಷವಾಯಿತು, ಆಗ ನೀನು ಹೂ ಕಳಿಸಿದ್ದೆ. ಈಗ ಬರೆಯುತ್ತಿರುವುದು ನನ್ನ ಮೊಣಕಾಲಿನ ವಿಚಾರಕ್ಕೆ. ನಗಬೇಡ. ಬರುವ ಮಂಗಳವಾರ ಆಸ್ಪತ್ರೆಯಲ್ಲಿ ಅದನ್ನು ತೆಗೆದು ಲೋಹದ್ದನ್ನು ಕೂರಿಸುತ್ತಾರಂತೆ. ಒಪ್ಪಿಗೆ ಪತ್ರಕ್ಕೆ ನಾನಿನ್ನೂ ಸಹಿ ಹಾಕಿಲ್ಲ. ಅದಕ್ಕೆ ಕಾರಣ ನೀನು.

ಕತ್ತಿವರಸೆಯ ಕಥೆಪುಸ್ತಕಗಳ ಮುಖಪುಟಕ್ಕೆಂದು ನೀನೂ ಲಾಸ್ಲೊನೂ ಬರೆದ ಚಿತ್ರಗಳನ್ನು ಒಂದೇ ಕಡೆ ತೂಗುಹಾಕುತ್ತಿದ್ದಾರೆಂದು ನಿನ್ನ ಮಗಳು ಆಮಂತ್ರಣ ಕಳಿಸಿದ್ದಳು. ಜನ ಸೇರಿದಲ್ಲಿಗೆ ಹೋಗುವವನಲ್ಲ ನೀನು, ಬರಲಿಲ್ಲ. ನಾನು ಹೋದೆ. ಎಡಗೋಡೆಗೆ ಲಾಸ್ಲೊ, ಬಲಗೋಡೆಗೆ ನೀನು, ನಡುವೆ ಗಡ್ಡಕ್ಕೆ ನರೆ ಬಂದ ಗಂಡಸರ ದಂಡು. ಹುಡುಗರಾಗಿದ್ದಾಗ ಒಳಗಿನ ಕಥೆ ಓದದೆ ಮುಖಪುಟಕ್ಕಾಗಿಯೇ ಆ ಪುಸ್ತಕಗಳನ್ನು ಕೊಂಡವರು ಅವರೆಲ್ಲ. ಕತ್ತಿ ಹಿಡಿದು, ಹೆಬ್ಬಾವನ್ನು ತುಳಿದು, ಕೆಂಪು ಚಂದ್ರನ ಕಡೆ ಮುಖ ಮಾಡಿ ನಿಂತ ಆ ಬರ್ಬರನ ಬೆನ್ನು ಲಾಂಡ್ರಿಯಲ್ಲಿ ಒದ್ದೆ ಹಾಸಿಗೆಬಟ್ಟೆ ಹೊತ್ತು ಹೊತ್ತು ಗಟ್ಟಿಯಾದ ಒಬ್ಬ ಹೆಂಗಸಿನದು ಎಂದು ಹೇಳಿದ್ದರೆ ಪಾಪ, ಎಷ್ಟು ಜನಕ್ಕೆ ಎದೆನೋವು ಬರುತ್ತಿತ್ತೋ.

ಮೀನಂಗಡಿಯ ಮೇಲೆ ನೀವಿಬ್ಬರೂ ಚಿತ್ರ ಬರೆಯುತ್ತಿದ್ದ ಆ ಕೋಣೆ ನಿನಗೆ ನೆನಪಿರಬೇಕು. ಮಾಡೆಲ್ ಕರೆಸುವ ತಾಕತ್ತು ಇಬ್ಬರಿಗೂ ಇರಲಿಲ್ಲ. ಬಟ್ಟೆಯ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದ ನನ್ನನ್ನು ನೋಡಿ ನೀನು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಲೋ ಲಾಸ್ಲೊ, ಬೇಗ ಬಾರೋ, ನಮ್ ಬರ್ಬರ ಸಿಕ್ಕಿದ!" ಮಾರನೆಯ ದಿನದಿಂದ ಕೆಲಸ ಮುಗಿಸಿ ಬಂದು ಪೊರಕೆಯನ್ನೇ ಕತ್ತಿಯಂತೆ ಹಿಡಿದು ನಿಲ್ಲತೊಡಗಿದೆ. ಬೆನ್ನು ನನ್ನದು, ಮೀಸೆ ನಿಮ್ಮ ಕಲ್ಪನೆ.

ಲಾಸ್ಲೊ ಹೇಗೆ ಕೆಲಸ ಮಾಡುತ್ತಿದ್ದ ಗೊತ್ತಲ್ಲ. ಒಂದು ಭಂಗಿಗೆ ಮೂವತ್ತು ಫೋಟೊ. ದೀಪ ಅಲ್ಲಿಡು, ಇಲ್ಲಿಡು. ನನ್ನ ಭುಜಕ್ಕೆ ಅಡುಗೆ ಎಣ್ಣೆ ಸವರಿ, ಬೆಳಕು ಎಲ್ಲಿ ಜಾರುತ್ತದೆಂದು ಬಗ್ಗಿ ಬಗ್ಗಿ ನೋಡುತ್ತಿದ್ದ. ವಾರಗಟ್ಟಲೆ ತೆಳುವಾಗಿ ಬಣ್ಣದ ಮೇಲೆ ಬಣ್ಣ ಹಚ್ಚಿ, ಕೊನೆಗೆ ಚರ್ಮ ಬೆಣ್ಣೆಯಾಗುತ್ತಿತ್ತು, ಒಂದು ನರವೂ ತಪ್ಪುತ್ತಿರಲಿಲ್ಲ. ನೀನೋ, ಒಂದು ಸಲ ಕಣ್ಣೆತ್ತುತ್ತಿದ್ದೆ. ಆಮೇಲೆ ಅದೇ ಮಾತು. "ಸಾಕು ಥೆಕ್ಲಾ, ನೋಡಾಯ್ತು. ಹೋಗಿ ಕಾಫಿ ಇಡು." ಚಿತ್ರ ಕೊಡಬೇಕಾದ ದಿನ ಹತ್ತಿರ ಬರುವ ತನಕ ಸುಮ್ಮನಿದ್ದು, ಎರಡೇ ದಿನದಲ್ಲಿ ಕೆಸರಿನಂಥ ಕಂದುಬಣ್ಣ ಬಳಿದು, ಅದರೊಳಗಿಂದ ಒಂದು ಭುಜ, ಒಂದು ತೊಡೆ ಎಳೆದು ತರುತ್ತಿದ್ದೆ. ಉಳಿದದ್ದು ಹೊಗೆ. ನಿನ್ನ ಕಣ್ಣಿಗೆ ನಾನು ಬಿದ್ದೇ ಇಲ್ಲ ಎಂದುಕೊಂಡೆ. ನಿನ್ನ ಮೇಲೆ ನನಗೆ ಮನಸ್ಸಿತ್ತು, ಆರ್ನೆ. ಇಷ್ಟು ವಯಸ್ಸಾದ ಮೇಲೆ ಬರೆಯಲು ನಾಚಿಕೆಯೇನು. ಆದರೆ ನನ್ನನ್ನು ನೋಡುವವನು ಲಾಸ್ಲೊ ಎಂದುಕೊಂಡು ಅವನನ್ನು ಮದುವೆಯಾದೆ. ಅರವತ್ತೆಂಟರ ವಸಂತದಿಂದ ಆ ಮೆಟ್ಟಿಲು ಹತ್ತಲಿಲ್ಲ.

ಮೊನ್ನೆ ನಿನ್ನ ಗೋಡೆಯ ಮುಂದೆ ಒಬ್ಬ ದಪ್ಪ ಮನುಷ್ಯ ತನ್ನ ಗೆಳೆಯನಿಗೆ ಪಾಠ ಹೇಳುತ್ತಿದ್ದ. "ಆ ಕಡೆಯವನ ಬರ್ಬರ ಕಂಬದ ಥರ ನಿಂತಿರ್ತಾನೆ, ಎರಡು ಕಾಲೂ ನೆಟ್ಟಗೆ. ಇವನದು ನೋಡು. ಭಾರ ಎಲ್ಲಾ ಎಡಗಾಲಿಗೆ, ಬಲಮೊಣಕಾಲು ಚೂರು ಮಡಚಿ, ಪಾದ ಒಳಕ್ಕೆ. ಪ್ರತಿ ಚಿತ್ರದಲ್ಲೂ ಹಿಂಗೇ. ಅದಕ್ಕೇ ಈಗ ಎಗರ್ತಾನೆ ಅನ್ಸೋದು. ಅದೇ ಕಣಯ್ಯ ಇವನ ಸ್ಟೈಲು."

ನಾನು ಅಲ್ಲೇ ಬೆಂಚಿನ ಮೇಲೆ ಕುಳಿತೆ. ಕುಳಿತದ್ದೂ ಆ ಕಾಲನ್ನು ಮುಂದೆ ಚಾಚಿಯೇ. ಹನ್ನೆರಡನೆಯ ವಯಸ್ಸಿನಲ್ಲಿ ಕೋನಿ ಐಲೆಂಡಿನ ಕಡಲತೀರದ ಮರದ ಮೆಟ್ಟಿಲಿಂದ ಬಿದ್ದು ಮುರಿದ, ಸೊಟ್ಟಗೆ ಕೂಡಿಕೊಂಡ ನನ್ನ ಬಲಮೊಣಕಾಲು. ಆಮೇಲೆ ಎದ್ದು ಒಂದೊಂದರ ಕೆಳಗೂ ಇಸವಿ ಓದಿದೆ. ಎಪ್ಪತ್ತೊಂದು. ಎಪ್ಪತ್ತೊಂಬತ್ತು. ಎಂಬತ್ತೆಂಟು. ನಾನು ನಿನ್ನ ಕಣ್ಣಿಗೆ ಬೀಳದೆ ಇಪ್ಪತ್ತು ವರ್ಷವಾಗಿದ್ದಾಗಲೂ ನಿನ್ನ ಬರ್ಬರ ನನ್ನ ಕಾಲಿನ ಮೇಲೆ ನಿಂತಿದ್ದಾನೆ.

ಇದಕ್ಕೆ ಏನೆಂದು ಅರ್ಥ ಮಾಡಿಕೊಳ್ಳಲಿ? ನೀನು ನನ್ನನ್ನು ನೋಡಿದ್ದೆಯೋ, ಬರೀ ಕಾಲನ್ನು ನೋಡಿದ್ದೆಯೋ? ಅಥವಾ ಒಮ್ಮೆ ಬರೆದ ಕೈ ಮುಂದೆಲ್ಲ ತನ್ನಷ್ಟಕ್ಕೆ ಹಾಗೇ ಬರೆಯಿತೋ? ಒಂದೇ ಒಂದು ಮಾತು ಆಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಮೊದಲು ಸಿಟ್ಟು ಬಂತು, ಆಮೇಲೆ ಅಳು. ಎಡಗೋಡೆಯ ಕಡೆ ತಿರುಗಿದರೆ ಇನ್ನೂ ಗೊಂದಲ. ಅಲ್ಲಿ ನನ್ನ ಬಲಗಾಲು ನೆಟ್ಟಗಿದೆ, ಹುಟ್ಟಿದಾಗಿನಿಂದ ಹಾಗೇ ಇದ್ದಂತೆ. ಸೊಟ್ಟ ಕಾಲಿನ ಹೆಂಡತಿಯೆಂದು ಲಾಸ್ಲೊಗೆ ನಾಚಿಕೆಯಿತ್ತು ಎಂದು ನಾನು ಒಳಗೊಳಗೇ ಎಷ್ಟೋ ವರ್ಷ ನೊಂದಿದ್ದೇನೆ. ಆದರೆ ಅದೇ ಲಾಸ್ಲೊ ನನ್ನ ಜೊತೆ ರಸ್ತೆಗಿಳಿದಾಗಲೆಲ್ಲ, "ಈ ಹಾಳು ಶೂ ಕಚ್ತಿದೆ ಕಣೇ, ನಿಧಾನಕ್ಕೆ ಹೋಗೋಣ," ಎನ್ನುತ್ತಿದ್ದ. ಇಪ್ಪತ್ನಾಲ್ಕು ವರ್ಷವೂ ಯಾರ ಶೂ ಕಚ್ಚುತ್ತದೆ ಹೇಳು? ನನಗೆ ಸಿಗದ ಕಾಲನ್ನು ಅವನು ಚಿತ್ರದಲ್ಲಾದರೂ ಕೊಟ್ಟನೋ, ಏನೋ. ಇದ್ದದ್ದನ್ನು ಇದ್ದ ಹಾಗೆ ಇಟ್ಟುಕೊಂಡವನು ನೀನು, ಸರಿಪಡಿಸಿ ಕೊಟ್ಟವನು ಅವನು. ಇದರಲ್ಲಿ ಯಾವುದು ಪ್ರೀತಿ, ಯಾವುದು ಬರೀ ಕಸುಬು, ನನಗೆ ತಿಳಿಯುತ್ತಿಲ್ಲ. ಕೇಳೋಣವೆಂದರೆ ಅವನಿಲ್ಲ, ನೀನು ಮಾತಾಡುವವನಲ್ಲ.

ಡಾಕ್ಟರು ಖುಷಿಯಿಂದ ಹೇಳಿದರು. "ಮೂರು ತಿಂಗಳಾದ ಮೇಲೆ ನಿಮ್ಮ ನಡಿಗೆ ನೋಡಿ ಯಾರೂ ಕಂಡುಹಿಡಿಯಕ್ಕಾಗಲ್ಲಮ್ಮ." ಹೋದ ತಿಂಗಳಾಗಿದ್ದರೆ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಈಗ ಒಪ್ಪಿಗೆ ಪತ್ರವನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದೆ. ಹಾಗಂತ ನೋವು ನನ್ನ ಗೊಂದಲ ಮುಗಿಯಲಿ ಎಂದು ಕಾಯುವುದಿಲ್ಲ. ಮಾರ್ಕೆಟ್ಟಿನಿಂದ ಎರಡು ಆಲೂಗಡ್ಡೆ ತರುವಷ್ಟರಲ್ಲಿ ಮೂರು ಕಡೆ ಕೂರುತ್ತೇನೆ. ಸಹಿ ಹಾಕುತ್ತೇನೆ, ಆರ್ನೆ. ಹಾಕಲೇಬೇಕು.

ಆದರೆ ಅದಕ್ಕೆ ಮೊದಲು, ಭಾನುವಾರ ಬೆಳಗಿನ ಬಸ್ಸಿಗೆ ಪೆನ್ಸಿಲ್ವೇನಿಯಾಕ್ಕೆ, ನಿನ್ನ ಮನೆಗೆ ಬರುತ್ತೇನೆ. ಗೇಟಿನಿಂದ ಬಾಗಿಲಿಗೆ ನೂರು ಹೆಜ್ಜೆ ಇದೆಯೆಂದು ನಿನ್ನ ಮಗಳು ಹೇಳಿದಳು. ಕೋಲು ಹಿಡಿಯದೆ ನಡೆದು ಬರುತ್ತೇನೆ. ನೀನು ಓಡಿಬಂದು ಕೈ ಹಿಡಿಯಬೇಡ, ಕ್ಷಮೆಯನ್ನೂ ಕೇಳಬೇಡ. ಬಾಗಿಲಲ್ಲಿ ನಿಂತು ನನ್ನನ್ನು ನೋಡು, ಅಷ್ಟು ಸಾಕು. ಒಂದು ಸಲ ಕಣ್ಣೆತ್ತಿ ಬೇರೆ ಕಡೆ ತಿರುಗಬೇಡ. ನಾನು ಬಾಗಿಲು ಮುಟ್ಟುವ ತನಕ ನೋಡು. ನೀನು ನೋಡುವುದನ್ನು ಈ ಸಲ ನಾನೂ ನೋಡಬೇಕು.

ನಿನ್ನ ಕಣ್ಣು ನೂರು ವರ್ಷ ಚೆನ್ನಾಗಿರಲಿ.

ಭಾನುವಾರದವರೆಗೆ ಇನ್ನೂ ಸೊಟ್ಟ ಕಾಲಿನವಳೇ ಆಗಿರುವ,
ಥೆಕ್ಲಾ